ತೇವವಿದೆ ಎಂದು ನಾನು ಸಹಿ ಹಾಕಿದ ಹೊಲ

ಮಾನ್ಯ ನೀರಾವರಿ ಮುಖ್ಯ ಎಂಜಿನಿಯರರೇ,

ಒಣಗಿ ಬಿರಿದ ಹೊಲವೊಂದಕ್ಕೆ, ಅದು ಒದ್ದೆಯಾಗಿದೆ ಎಂಬ ಕಾರಣ ಕೊಟ್ಟು, ಸತತ ಮೂರು ಸರದಿ ನೀರು ತಪ್ಪಿಸಿದ್ದೀರಿ. ಒದ್ದೆ ಎಂದು ತೋರಿಸಿದ ನಕ್ಷೆ ಮಾಡಿದವಳು ನಾನೇ. ಇದನ್ನು ದೂರು ಎಂದಾದರೂ ಓದಿ, ತಪ್ಪೊಪ್ಪಿಗೆ ಎಂದಾದರೂ ಓದಿ. ನನಗೀಗ ಎರಡೂ ಒಂದೇ.

ಉಪಗ್ರಹ ಮಣ್ಣಿನೊಳಗಿನ ನೀರನ್ನು ನೋಡುವುದಿಲ್ಲ, ನೆಲದ ಬಿಸಿಯನ್ನು ನೋಡುತ್ತದೆ. ಒಣಮಣ್ಣು ಬಿಸಿಲಿಗೆ ಬೇಗ ಕಾಯುತ್ತದೆ, ಒದ್ದೆ ಮಣ್ಣು ತಂಪಾಗಿರುತ್ತದೆ. ಆ ವ್ಯತ್ಯಾಸದಿಂದ ನಾವು ತೇವವನ್ನು ಅಂದಾಜು ಮಾಡುತ್ತೇವೆ. ಒಳ್ಳೆಯ ವಿದ್ಯೆ, ಹನ್ನೊಂದು ವರ್ಷ ಅದರಿಂದಲೇ ಅನ್ನ ಉಂಡಿದ್ದೇನೆ. ಆದರೆ ಆ ಚಿತ್ರದ ಒಂದೊಂದು ಚೌಕವೂ ನೂರು ಮೀಟರ್ ಅಗಲ. ನನ್ನ ಅಕ್ಕನ ಹೊಲ ಬರುವ ಚೌಕದಲ್ಲಿ ಅರ್ಧಕ್ಕಿಂತ ಹೆಚ್ಚು ಪಾಲು ಪಕ್ಕದವರ ಮೀನಿನ ಹೊಂಡ. ಹೊಂಡದ ತಂಪೂ ಹೊಲದ ಬಿಸಿಯೂ ಬೆರೆತು ಚೌಕ ನೀಲಿಯಾಯಿತು, ನಕ್ಷೆಯಲ್ಲಿ ನೀಲಿ ಎಂದರೆ ಒದ್ದೆ. ‘ಇಲ್ಲಿ ಹೊಂಡವಿದೆ, ಸ್ಥಳಕ್ಕೆ ಹೋಗಿ ನೋಡುವುದು’ ಎಂದು ಷರಾ ಬರೆದೆ. ನಮೂನೆಯಲ್ಲಿ ಷರಾ ಬರೆಯಲು ಅವಕಾಶವಿಲ್ಲವೆಂದು ತಮ್ಮ ಕಚೇರಿ ಅದನ್ನು ಅಳಿಸಿ ವಾಪಸು ಕಳಿಸಿತು. ನಾನು ಸಹಿ ಹಾಕಿದೆ.

ಅಕ್ಕ ಫೋನ್ ಮಾಡಿದಳು. “ಕಾಲುವೆ ತುಂಬ ನೀರಿದೆ, ನಮ್ಮ ತೂಬು ಮಾತ್ರ ಯಾಕೆ ಮುಚ್ಚಿದಾರೆ?”

“ನಕ್ಷೇಲಿ ನಿಮ್ಮ ಹೊಲ ಒದ್ದೆ ಅಂತಿದೆ ಅಕ್ಕ.”

“ಹಾಗಾದ್ರೆ ನಿನ್ನ ನಕ್ಷೆಗೆ ಒಂದ್ಸಲ ಬರಿಗಾಲಲ್ಲಿ ಬಂದು ಇಲ್ಲಿ ನಿಲ್ಲೋಕೆ ಹೇಳು.”

ನಾನು ನಕ್ಕೆ. ಅವಳು ನಗಲಿಲ್ಲ.

ಅವಳು ಬೆಳೆಯುತ್ತಿದ್ದದ್ದು ಈರುಳ್ಳಿ ಬೀಜ. ಒಳ್ಳೊಳ್ಳೆ ಗೆಡ್ಡೆಗಳನ್ನೇ ಆರಿಸುತ್ತ ಒಂಬತ್ತು ವರ್ಷ ಕಟ್ಟಿದ ತಳಿ. ಈರುಳ್ಳಿ ಬೀಜ ವರ್ಷ ಕಳೆದರೆ ಸರಿಯಾಗಿ ಮೊಳೆಯುವುದಿಲ್ಲ, ಹಾಗಾಗಿ ಮನೆಯಲ್ಲಿ ಎತ್ತಿಟ್ಟದ್ದು ಏನೂ ಇರಲಿಲ್ಲ. ಭಾವ ಎರಡು ಅರ್ಜಿ ಕೊಟ್ಟರು. ‘ದತ್ತಾಂಶದ ಪ್ರಕಾರ ಸದರಿ ಜಮೀನಿನಲ್ಲಿ ತೇವಾಂಶ ಸಮರ್ಪಕವಾಗಿದೆ’ ಎಂದು ತಾವು ಉತ್ತರಿಸಿದಿರಿ. ಸದರಿ ಜಮೀನಿಗೆ ಆ ಉತ್ತರದ ಪ್ರತಿ ತಲುಪಿರಲಿಲ್ಲವೋ ಏನೋ, ಅದು ಒಣಗುತ್ತಲೇ ಹೋಯಿತು. ಅಂಗೈ ಹುಣ್ಣಿಗೆ ಕನ್ನಡಿ ಬೇಡ ಎನ್ನುತ್ತಾರೆ. ತಮಗೆ ಉಪಗ್ರಹವೇ ಬೇಕಾಯಿತಲ್ಲ?

ಕೊನೆಗೆ ರಜೆ ಹಾಕಿ, ಉಷ್ಣಮಾಪಕ ಹಿಡಿದು ನಾನೇ ಹೋದೆ. ಮಧ್ಯಾಹ್ನ ಹೊಂಡದ ನೀರು ಇಪ್ಪತ್ತೇಳು ಡಿಗ್ರಿ, ಅಕ್ಕನ ಮಣ್ಣು ಐವತ್ತೊಂದು. ನಾನು ಅಂಕಿ ಬರೆದುಕೊಳ್ಳುತ್ತಿದ್ದಾಗ ಅಕ್ಕ ಒಂದು ಒಣ ಹೂಗೊಂಚಲು ಕಿತ್ತು, ಅಂಗೈಯಲ್ಲಿ ಉಜ್ಜಿ ಊದಿದಳು. ಹೊಟ್ಟೆಲ್ಲ ಹಾರಿತು. ಕೈಯಲ್ಲಿ ಒಂದು ಕಾಳೂ ಉಳಿಯಲಿಲ್ಲ.

“ಬಿಡು, ನಿನ್ನ ಕೆಲಸ ನೀನು ಮಾಡಿದೆ,” ಎಂದಳು. ಒಳಗೆ ಹೋಗಿ ಊಟಕ್ಕೆ ತಟ್ಟೆ ಇಟ್ಟಳು. ನಾನು ಉಂಡೆ. ಅಳು ಬರಲಿಲ್ಲ, ಸಿಟ್ಟೂ ಬರಲಿಲ್ಲ. ಇವತ್ತಿಗೂ ಬಂದಿಲ್ಲ. ಮರುದಿನ ಎಂದಿನಂತೆ ಹತ್ತು ಗಂಟೆಗೆ ಕಚೇರಿಗೆ ಬಂದು ಮುಂದಿನ ನಕ್ಷೆ ತೆರೆದೆ.

ನಾನು ಕೇಳುವುದಿಷ್ಟು. ಯಾವ ತೂಬನ್ನೂ ಮುಚ್ಚುವ ಮುನ್ನ ಒಬ್ಬರು ಅಲ್ಲಿಗೆ ನಡೆದು ಹೋಗಿ ಒಂದು ಹಿಡಿ ಮಣ್ಣು ಹಿಂಡಿ ನೋಡಲಿ. ಅವರು ಕಂಡದ್ದನ್ನು ಬರೆಯಲು ನಮೂನೆಯಲ್ಲಿ ಜಾಗವಿರಲಿ. ಮತ್ತು ‘ತಪ್ಪಾಯಿತು’ ಎಂದು ನನ್ನ ಅಕ್ಕನಿಗೆ ಲಿಖಿತವಾಗಿ ತಿಳಿಸಿ. ಮೊದಲ ಸಹಿ ನನ್ನದಿರಲಿ. ಎರಡನೆಯದಕ್ಕೆ ಜಾಗ ಬಿಟ್ಟಿರುತ್ತೇನೆ.

ಇಂತಿ,
ತಮ್ಮದೇ ಕಟ್ಟಡದ ಎರಡನೇ ಮಹಡಿಯಲ್ಲಿ ಕೂರುವ,
ಹೇಳಿದಲ್ಲಿ ಸಹಿ ಹಾಕುವ ನಕ್ಷೆಯವಳು