ಗುಡ್ಡ ಗೊತ್ತಿಲ್ಲದ ಕುರಿಗಳು

ಇಸವಿ 2261, ಇಲ್ಲಿಯವರು ಮರಿತಿಂಗಳು ಎನ್ನುವ ಜೂನ್
ಕತ್ತಲಾಗದ ದಿನ, ಐಸ್‌ಲ್ಯಾಂಡಿನ ಬಡಗಣ ದಂಡೆ

ಲಗಮವ್ವ ಆಯಿಗೆ, ಮಾಯವ್ವನ ನಮಸ್ಕಾರ.

ತಾರೀಖು ನೋಡಿ ಗಾಬರಿಯಾಗಬೇಡ. ನೀನು ನನ್ನಿಂದ ಎಂಟು ತಲೆಮಾರು ಹಿಂದಿನವಳು. ನಾನು ಬರೆಯುವುದರಲ್ಲಿ ನಿನಗೆ ತಿಳಿಯದ ಮಾತು ಬಂದರೆ ಕ್ಷಮಿಸಬೇಕು. ನಿನ್ನ ಕಾಲದಲ್ಲಿ ಆ ವಸ್ತುಗಳೇ ಇರಲಿಲ್ಲ, ಹೆಸರೆಲ್ಲಿಂದ ಬರಬೇಕು? ಈ ಕಾಗದ ನಿನಗೆ ಮುಟ್ಟುವುದಿಲ್ಲ ಎಂಬಷ್ಟು ಬುದ್ಧಿ ನನಗಿದೆ. ಆದರೂ ಈಗ ನಾನು ಬಾಯಿ ಬಿಟ್ಟು ಮಾತಾಡುವ ಹಾಗಿಲ್ಲ, ಸುಮ್ಮನೆ ಕೂರಲೂ ಆಗುತ್ತಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ. ಯಾಕೆ ಮಾತಾಡುವ ಹಾಗಿಲ್ಲ ಎಂಬುದನ್ನು ಮುಂದೆ ಹೇಳುತ್ತೇನೆ.

ನಿನ್ನ ಬಗ್ಗೆ ನನಗೆ ಗೊತ್ತಿರುವುದು ಸ್ವಲ್ಪವೇ. ನೀನು ಬೆಳಗಾವಿ ಸೀಮೆಯವಳು, ಕುರಿ ಬೆನ್ನು ಹತ್ತಿ ಊರೂರು ತಿರುಗಿದವಳು, ಸಿಟ್ಟಿನವಳು. ನಿನ್ನ ಕರಿ ಕಂಬಳಿಯ ಒಂದು ತುಂಡು ನನ್ನ ಬಳಿ ಇದೆ. ಅದಕ್ಕೆ ಎಷ್ಟು ಸಲ ಹೊಸ ಉಣ್ಣೆ ಸೇರಿಸಿ ನೇಯ್ದಿದ್ದಾರೆಂದರೆ ಅದರಲ್ಲಿ ನಿನ್ನ ಕಾಲದ ಎಳೆ ಒಂದಾದರೂ ಉಳಿದಿದೆಯೋ ಇಲ್ಲವೋ. ಜೊತೆಗೆ ಕುರಿ ಕರೆಯುವ ಕೂಗೊಂದು ಉಳಿದಿದೆ, ಗಂಟಲಿನಿಂದ ಎಳೆದು ಕೊನೆಗೆ ನಾಲಿಗೆ ಹೊರಳಿಸುವುದು. ಅವ್ವನಿಗೆ ಅವಳವ್ವ ಕಲಿಸಿದ್ದಳು, ಅವ್ವ ನನಗೆ ಕಲಿಸಿದಳು. ನಮ್ಮ ಸೀಮೆಯಲ್ಲಿ ಈಗ ಬಿಸಿಲು ಹೊತ್ತಿನಲ್ಲಿ ಯಾರೂ ಹೊರಗೆ ಬರುವುದಿಲ್ಲ. ಜನ ನೆಲದಡಿಯ ತಂಪುಮನೆಗಳಲ್ಲಿ ಹಗಲೆಲ್ಲ ಮಲಗುತ್ತಾರೆ. ಅವ್ವ ಇರುಳು ಹೊತ್ತು ಕುರಿ ಮೇಯಿಸಿದಳು. ಅವಳೇ ಕೊನೆ. ಅವಳು ಹೋದ ಮೇಲೆ ಅಲ್ಲಿ ಕುರಿಯೂ ಉಳಿಯಲಿಲ್ಲ, ನನ್ನವರೂ ಉಳಿಯಲಿಲ್ಲ.

ಈ ಉತ್ತರದ ದೇಶದಲ್ಲಿ ಖಾಲಿಮನೆ ಮಂಡಳಿ ಎಂಬುದಿದೆ. ಒಕ್ಕಲು ಬಿಟ್ಟುಹೋದ ಮನೆಗಳನ್ನು, ಹಿಂದಿನ ಗುಡ್ಡದ ಸಮೇತ, ದುಡಿಯುವ ದೂರದವರಿಗೆ ಕೊಡುತ್ತದೆ. ಕುರಿ ಗೊತ್ತೇ ಎಂದು ಕೇಳಿದರು. ಕುರುಬರ ಹೆಣ್ಣುಮಗಳಿಗೆ ಕೇಳುವ ಪ್ರಶ್ನೆಯೇ ಅದು! ಗೊತ್ತು ಎಂದೆ. ಒಂದು ಮನೆ, ಒಂದು ಕೊಟ್ಟಿಗೆ, ನಲವತ್ತರಷ್ಟು ಎಳೆಯ ಹೆಣ್ಣುಕುರಿ ಮತ್ತು ಎರಡು ಟಗರು ಕೊಟ್ಟರು. ಎರಡನೆಯ ಚಳಿಗಾಲಕ್ಕೆ ಮಂದೆ ಉಳಿದಿರಬೇಕು, ಇಲ್ಲದಿದ್ದರೆ ಮನೆ ಬಿಡಬೇಕು ಎಂಬ ಒಂದೇ ಷರತ್ತು. ಬಿಟ್ಟು ಹೋಗಲು ನನಗೆ ಬೇರೆ ಊರಿಲ್ಲ ಎಂಬುದನ್ನು ಅವರು ಕೇಳಲಿಲ್ಲ, ನಾನೂ ಹೇಳಲಿಲ್ಲ.

ಮನೆಯ ಬಗ್ಗೆ ಹೇಳಬೇಕು. ಮಾಡಿನ ಮೇಲೆ ಹುಲ್ಲು ಬೆಳೆದಿದೆ, ಬೇಸಿಗೆಯಲ್ಲಿ ಟಗರು ಹತ್ತಿ ಮೇಯುತ್ತದೆ. ಗೋಡೆಯೊಳಗೆ ಹಬೆಗೊಳವೆ ಹರಿಯುತ್ತದೆ; ನೆಲದಾಳದ ಬಿಸಿನೀರು ಅದರಲ್ಲಿ ಬಂದು ಕೋಣೆ ಬೆಚ್ಚಗಿಡುತ್ತದೆ, ಜೊತೆಗೆ ಕೊಳೆತ ಮೊಟ್ಟೆಯ ವಾಸನೆಯನ್ನೂ ಧರ್ಮಕ್ಕೆ ಕೊಡುತ್ತದೆ. ಜೋಳ ಬೆಳೆಯುವುದಿಲ್ಲ. ಬಾರ್ಲಿ ಹಿಟ್ಟಿನಲ್ಲಿ ರೊಟ್ಟಿ ಬಡಿಯಲು ಹೋದರೆ ಅಂಚು ಒಡೆಯುತ್ತದೆ, ತಟ್ಟಿದರೆ ಮುನಿಸಿಕೊಳ್ಳುತ್ತದೆ. ಒಡೆದದ್ದನ್ನೇ ತಿನ್ನುತ್ತೇನೆ, ನೋಡಿ ನಗಲು ಯಾರಿದ್ದಾರೆ? ಚಳಿಗಾಲದಲ್ಲಿ ಸೂರ್ಯ ಬಂದ ಹಾಗೆ ಮಾಡಿ ಹೋಗುತ್ತಾನೆ. ಬೇಸಿಗೆಯಲ್ಲಿ ಹೋಗುವುದೇ ಇಲ್ಲ, ಬಂದ ಬೀಗರ ಹಾಗೆ ಕೂತೇ ಇರುತ್ತಾನೆ.

ಇರುವ ಒಬ್ಬಳೇ ನೆರೆಯವಳು ಸ್ಟೈನುನ್, ಹೊಳೆಯಾಚೆಯ ಮನೆಯ ಮುದುಕಿ. ಅವಳ ಭಾಷೆ ನನಗೆ ಬಾರದು. ನಾವು ಕಿವಿಯಲ್ಲಿ ನಾಲಿಗೆಮಣಿ ಎಂಬುದನ್ನು ಇಟ್ಟುಕೊಳ್ಳುತ್ತೇವೆ, ಅಕ್ಕಿಕಾಳಿನಷ್ಟು ದೊಡ್ಡದು. ಎದುರಿನವರ ಮಾತನ್ನು ಅದು ನಮ್ಮ ಮಾತಾಗಿಸಿ ಹೇಳುತ್ತದೆ. ನಾನು ಅದಕ್ಕೆ ಅವ್ವನ ಹಳೆಯ ಮಾತುಗಳನ್ನೆಲ್ಲ ಕೇಳಿಸಿದ್ದೆ. ಹೀಗಾಗಿ ಬೆಳ್ಳಿ ಕೂದಲಿನ, ಮೀನಿನ ವಾಸನೆಯ ಆ ಮುದುಕಿ ಬಾಯಿ ತೆರೆದರೆ ನನ್ನ ಕಿವಿಯಲ್ಲಿ ಬೆಳಗಾವಿ ಕಡೆಯ ಹೆಂಗಸು ಜಗಳಕ್ಕೆ ಬರುತ್ತಿದ್ದಳು. ಜಗಳವಾದರೂ ಸರಿ ಎಂದು ನಾನು ಬೇಕೆಂದೇ ಅವಳ ಬೇಲಿಯ ಹತ್ತಿರ ಓಡಾಡುತ್ತಿದ್ದೆ.

ಇಲ್ಲಿನ ಪದ್ಧತಿ ಕೇಳಿದರೆ ನಿನಗೆ ನಿಜವಾಗಿ ಸಿಟ್ಟು ಬರುತ್ತದೆ. ಮರಿಗಳು ನಡೆಯುವಂತಾದ ಮೇಲೆ ಇವರು ಗೇಟು ತೆರೆದು ಮಂದೆಯನ್ನು ಗುಡ್ಡಕ್ಕೆ ಬಿಟ್ಟುಬಿಡುತ್ತಾರೆ. ಜೊತೆಗೆ ಆಳಿಲ್ಲ, ನಾಯಿಯಿಲ್ಲ. ಬೇಸಿಗೆಯೆಲ್ಲ ಕುರಿಗಳು ಗುಡ್ಡದ ಮೇಲೆ, ಇವರು ಮನೆಯಲ್ಲಿ. ಹಿಮ ಬೀಳುವ ಮೊದಲು ಹೋಗಿ ಕೂಡಿಸಿ ತರುತ್ತಾರೆ, ಎಷ್ಟೋ ಕುರಿಗಳು ತಾವೇ ಇಳಿದು ಬರುತ್ತವೆ. ಮೊದಲ ಬೇಸಿಗೆ ಇದನ್ನು ಕಂಡು ನನಗೆ ಕೈಕಾಲು ಆಡಲಿಲ್ಲ. ಅವ್ವ ಹೇಳುತ್ತಿದ್ದ ಮಾತು ತಲೆಯಲ್ಲಿ ಕೂತಿತ್ತು: “ಕುರಿ ಬಿಟ್ಟ ಬಂದಾಕಿ ಮನೀಗೆ ಯಾಕ ಬರಬೇಕು?”

ನಾನು ಬಿಡಲಿಲ್ಲ. ಕಂಬಳಿ ಹೊದ್ದು, ಕೋಲು ಹಿಡಿದು, ಬೇಸಿಗೆಯೆಲ್ಲ ಮಂದೆಯ ಜೊತೆ ನಡೆದೆ. ಸಂಜೆ ಎಂದು ನಾನೇ ಅಂದುಕೊಂಡ ಹೊತ್ತಿಗೆ ಹಗ್ಗದ ಬಲೆ ಕಟ್ಟಿ ದೊಡ್ಡಿ ಮಾಡಿ, ಕುರಿಗಳ ನಡುವೆ ಮಲಗಿದೆ. ಗಾಳಿ ತಿರುಗಿದರೆ ನಾನೇ ಕೂಗಿ ಮಗ್ಗುಲು ಬದಲಿಸಿದೆ. ನೀರು, ಹುಲ್ಲು, ದಾರಿ, ಎಲ್ಲವನ್ನೂ ನಾನೇ ತೋರಿಸಿದೆ. ಮೈಯೆಲ್ಲ ಕರಿಯಾದ ಒಂದು ಕುರಿಗೆ ಕಾಡಿಗೆ ಎಂದು ಹೆಸರಿಟ್ಟಿದ್ದೆ, ಅದು ನನ್ನ ಕಂಬಳಿಯ ಅಂಚು ಕಚ್ಚಿಕೊಂಡೇ ನಿದ್ದೆ ಮಾಡುತ್ತಿತ್ತು. ಆಯಿ, ಅವ್ವ ಹೋದ ಮೇಲೆ ನಾನು ಸುಖವಾಗಿದ್ದದ್ದು ಆ ಬೇಸಿಗೆಯೊಂದೇ. ಒಮ್ಮೆ ಸ್ಟೈನುನ್ ಏದುಸಿರು ಬಿಡುತ್ತ ಗುಡ್ಡ ಹತ್ತಿ ಬಂದು ಬೈದಳು.

“ನೀ ಬೆನ್ನ ಹತ್ತಿದ್ರ ಅವು ಗುಡ್ಡ ನೋಡೂದಿಲ್ಲವಾ, ನಿನ್ನ ನೋಡ್ತಾವ. ಮರೀಗೆ ಗುಡ್ಡ ತೋರಸಾಕಿ ಅದರವ್ವ. ನೀ ಯಾಕ ನಡುವ ಬರ್ತಿ?”

ಕುರಿ ಸಾಕುವುದನ್ನು ಇವಳಿಂದ ಕಲಿಯಬೇಕೇ ಎಂದುಕೊಂಡೆ. ಅವಳು ಹೇಳಿದ್ದು ಆಮೇಲೆ ತಿಳಿಯಿತು. ಇಲ್ಲಿ ತಾಯಿಕುರಿ ತನ್ನ ಮರಿಗೆ ಯಾವ ಬಂಡೆಯ ಹಿಂದೆ ಗಾಳಿ ತಟ್ಟುವುದಿಲ್ಲ, ಹಿಮ ಬಿದ್ದರೆ ಎಲ್ಲಿ ಸರಿಯಬೇಕು ಎಂಬುದನ್ನೆಲ್ಲ ಕಲಿಸುತ್ತದೆ. ಆ ಮರಿ ದೊಡ್ಡದಾಗಿ ತನ್ನ ಮರಿಗೆ ಕಲಿಸುತ್ತದೆ. ನನ್ನ ಎಳೆಯ ಕುರಿಗಳು ಬೇರೆ ಕಡೆಯಿಂದ ಬಂದವು. ಅವು ಅಲೆದು, ತಪ್ಪಿ, ತಾವೇ ಕಲಿಯಬೇಕಿತ್ತು. ಅದಕ್ಕೆ ನಾನು ಪುರುಸೊತ್ತೇ ಕೊಡಲಿಲ್ಲ.

ಬೇಸಿಗೆ ಮುಗಿಯುವಾಗ ಒದ್ದೆ ಕಲ್ಲಿನ ಮೇಲೆ ಜಾರಿ ಕಾಲು ಮುರಿದುಕೊಂಡೆ. ಸ್ಟೈನುನ್ ಜಾರುಬಂಡಿಯಲ್ಲಿ ಎಳೆದು ತಂದು ಹಾಸಿಗೆಗೆ ಹಾಕಿದಳು, ನನ್ನ ಮಂದೆಯನ್ನು ಗುಡ್ಡದ ಮೇಲಿದ್ದ ತನ್ನ ಮಂದೆಯ ಕಡೆಗೆ ಅಟ್ಟಿದಳು. ಅವಳವು ಅಲ್ಲೇ ಮೇಯುತ್ತಿದ್ದವು. ನನ್ನವು ತಿರುಗಿ ಬಂದು ಬಾಗಿಲ ಮುಂದೆ ನಿಂತವು. ಮತ್ತೆ ಅಟ್ಟಿದಳು, ಮತ್ತೆ ಬಂದವು. ಅಷ್ಟರಲ್ಲಿ ಯಾರೂ ಎಣಿಸದ ಹಿಮಗಾಳಿ ಎದ್ದಿತು, ಅವಳಿಗೆ ಹೊಳೆ ದಾಟಲಾಗಲಿಲ್ಲ. ಅವಳ ಕುರಿಗಳು ಗುಡ್ಡದ ಮರೆಯಲ್ಲಿ ತಮ್ಮ ಬಂಡೆಗಳ ಹಿಂದೆ ಸೇರಿಕೊಂಡವು. ನನ್ನವು ನಾನು ಮಲಗಿದ್ದ ಕಿಟಕಿಯ ಕೆಳಗೆ, ಗಾಳಿ ನೇರ ಬಡಿಯುವ ಗೋಡೆಗೆ ಒತ್ತಿ ನಿಂತವು. ಕಿಟಕಿಯ ಗಾಜು ಒಂದೊಂದಾಗಿ ಬೆಳ್ಳಗೆ ಮುಚ್ಚಿಹೋಗುವುದನ್ನು ನೋಡುತ್ತ ಬಿದ್ದಿದ್ದೆ. ಮೊದಲು ಅವುಗಳ ದನಿ ಕೇಳುತ್ತಿತ್ತು, ಆಮೇಲೆ ಕೇಳಲಿಲ್ಲ.

ಗಾಳಿ ನಿಂತ ಮೇಲೆ ಸ್ಟೈನುನ್ ಬಂದು ಸಲಿಕೆಯಿಂದ ಅಗೆದಳು. ಅರ್ಧದಷ್ಟು ಬದುಕಿದ್ದವು, ಕಾಡಿಗೆಯೂ ಬದುಕಿತ್ತು. ಅವಳು ಬೈಯುತ್ತಾಳೆಂದು ಕಾದೆ. ಬೈದಿದ್ದರೆ ಚೆನ್ನಾಗಿತ್ತು. ಹಾಸಿಗೆಯ ಅಂಚಿಗೆ ಕೂತು, “ಎಲ್ಲಿ ಹೋಗಬೇಕಂತ ಅವಕ್ಕ ಗೊತ್ತಿರಲಿಲ್ಲವಾ. ನೀ ಎಲ್ಲಿದ್ದಿ, ಅಲ್ಲೇ ಬಂದು ನಿಂತ್ವು” ಎಂದಳು.

ಚಳಿಗಾಲವೆಲ್ಲ ಉಳಿದವುಗಳನ್ನು ಕೊಟ್ಟಿಗೆಯಲ್ಲಿ ಒಣಹುಲ್ಲು ಹಾಕಿ ಕಾಪಾಡಿದೆವು. ವಸಂತದಲ್ಲಿ ಮರಿಗಳೂ ಆದವು. ಆದರೆ ಅಷ್ಟು ಹೊತ್ತಿಗೆ ಸ್ಟೈನುನ್‌ಳ ಕಣ್ಣು ಮಂಜಾಗಿತ್ತು. ಅವಳು ಕುರಿಗಳನ್ನೆಲ್ಲ ತಂಗಿಯ ಮಗನಿಗೆ ಒಪ್ಪಿಸಿ, ದಕ್ಷಿಣದ ಪಟ್ಟಣಕ್ಕೆ ಹೋದಳು. ಹೋಗುವಾಗ ಒಂದನ್ನು ಮಾತ್ರ ಹಗ್ಗ ಹಿಡಿದು ನನ್ನ ಬಾಗಿಲಿಗೆ ತಂದಳು. ಫ್ಲೆಕ್ಕಾ ಅದರ ಹೆಸರು, ಮಚ್ಚೆಯವಳು ಎಂದರ್ಥ. ಉದ್ದ ಕಾಲಿನ, ಕೊಬ್ಬಿಲ್ಲದ, ಗತ್ತಿನ ಮುದಿಕುರಿ. ಇಂಥವನ್ನು ಇಲ್ಲಿ ಮುಂದಾಳು ಕುರಿ ಎನ್ನುತ್ತಾರೆ. ಹವೆ ಕೆಡುವ ಮೊದಲೇ ಅವಕ್ಕೆ ತಿಳಿಯುತ್ತದೆ, ಮಂದೆಯನ್ನು ಮನೆಗೆ ತಿರುಗಿಸುತ್ತವೆ.

“ಇಕಿ ಬೆನ್ನ ಹತ್ತಲಿ ಅವು. ಇಕಿಗೆ ಗುಡ್ಡ ಗೊತ್ತೈತಿ. ಗೇಟ ತಗದ ಮ್ಯಾಲೆ ನೀ ಮಾತ್ರ ಬಾಯಿ ತಗೀಬ್ಯಾಡ. ನಿನ್ನ ದನಿ ಕೇಳಿದ್ರ ಹೊಳ್ಳಿ ಬರ್ತಾವ.”

ಅವಳು ಹೋದ ದಿನದಿಂದ ನಾಲಿಗೆಮಣಿ ಸುಮ್ಮನಿದೆ. ಒಮ್ಮೊಮ್ಮೆ ಗಾಳಿಯ ಸದ್ದನ್ನು ಮಾತೆಂದು ತಿಳಿದು ಅರ್ಥವಿಲ್ಲದ ಒಂದೆರಡು ಅಕ್ಷರ ಗೊಣಗುತ್ತದೆ. ನಾನು ಕೆಲಸ ನಿಲ್ಲಿಸಿ ಕೇಳಿಸಿಕೊಳ್ಳುತ್ತೇನೆ.

ಇವತ್ತು ಗೇಟು ತೆರೆದೆ. ಫ್ಲೆಕ್ಕಾ ಹಿಂದೆ ನೋಡದೆ ಹೊರಟಳು. ಮಂದೆ ನಾಲ್ಕು ಹೆಜ್ಜೆ ಹೋಗಿ ನಿಂತು ನನ್ನತ್ತ ತಿರುಗಿತು. ನಾನು ಬರುತ್ತೇನೆಂದು ಕಾಯುತ್ತಿದ್ದವು. ಕೈಯಲ್ಲಿ ಕೋಲಿಲ್ಲ, ಹೆಗಲಲ್ಲಿ ಕಂಬಳಿಯಿಲ್ಲ, ಎರಡನ್ನೂ ಒಳಗಿಟ್ಟು ಬಂದಿದ್ದೆ. ಒಂದೊಂದಾಗಿ ಅವು ಫ್ಲೆಕ್ಕಾಳ ಹಿಂದೆ ಸರಿದವು. ಕಾಡಿಗೆ ಮಾತ್ರ ತನ್ನ ಮರಿಯೊಡನೆ ನಿಂತೇ ಇತ್ತು, ಒಮ್ಮೆ ಕರೆಯಿತು. ನಾನು ಗೇಟಿನ ಕಬ್ಬಿಣ ಹಿಡಿದು ನೆಲ ನೋಡುತ್ತ ನಿಂತೆ. ತಲೆ ಎತ್ತಿದಾಗ ಅದರ ಬೆನ್ನು ಕಾಣಿಸಿತು, ಮರಿ ಹಿಂದೆ ಓಡುತ್ತಿತ್ತು. ಗೇಟು ಹಾಕಿ ಒಳಗೆ ಬಂದು ಅತ್ತೆ, ಸದ್ದಾಗದ ಹಾಗೆ.

ಹಿಮಕ್ಕೆ ಮೊದಲು ಅವು ಇಳಿದು ಬಂದರೆ ಈ ಮನೆ ನನ್ನದು. ಬರದಿದ್ದರೆ ಏನು ಮಾಡುವುದೆಂದು ನನಗೆ ಗೊತ್ತಿಲ್ಲ.

ನಿನ್ನಲ್ಲಿ ಒಂದೇ ಕೇಳಿಕೆ ಆಯಿ. ಕುರಿ ಕರೆಯುವ ಕೂಗಿನಂತೆ ಕುರಿ ಕಳಿಸುವ ಕೂಗೂ ಒಂದಿತ್ತು ಎಂದು ಅವ್ವ ಹೇಳುತ್ತಿದ್ದಳು, ಹೋಗಿ, ಮೇದು ಬನ್ನಿ ಎನ್ನುವುದು. ಅದು ಹೇಗಿತ್ತೋ ಅವಳಿಗೂ ಗೊತ್ತಿರಲಿಲ್ಲ. ನಡುವೆ ಯಾವಳೋ ಅದನ್ನು ಮಗಳಿಗೆ ಕಲಿಸಲಿಲ್ಲ. ಯಾಕೆ ಕಲಿಸಲಿಲ್ಲ ಎಂಬುದು ಇವತ್ತು ನನಗೆ ಅರ್ಥವಾಗುತ್ತದೆ. ಆದರೂ ನೀನು ನಿನ್ನ ಮಗಳಿಗೆ ಎರಡನ್ನೂ ಕಲಿಸು. ಅವಳು ಬೇಡವೆಂದರೂ ಕಲಿಸು.

ಕಿಟಕಿಯಿಂದ ಅವು ಇನ್ನೂ ಕಾಣುತ್ತಿವೆ, ಸಣ್ಣ ಬಿಳಿ ಚುಕ್ಕಿಗಳು, ನಡುವೆ ಒಂದು ಕರಿದು. ಗುಡ್ಡದ ಆಚೆ ಇಳಿಯುವವರೆಗೂ ನನ್ನ ದನಿ ಅವಕ್ಕೆ ಕೇಳುತ್ತದೆ. ಅದಕ್ಕೇ ಆಯಿ, ಹೋಗಿ ಬನ್ನಿ ಎಂಬುದನ್ನೂ ಇಲ್ಲೇ ಬರೆಯುತ್ತಿದ್ದೇನೆ.

ನಿನ್ನ
ಮಾಯವ್ವ