ನಮ್ಮೂರ ವಸೂಲಿಗಾರರನ್ನೇ ವಸೂಲು ಮಾಡಿದವರಿಗೆ

ಅರಸರ ಕಂದಾಯದ ಮೇಲಧಿಕಾರಿಗಳಾದ ಮಾನ್ಯರೇ,

ನನ್ನ ಮಗ ಆಂಬ್ರೋಸ್ ತಮ್ಮ ಕೋಟೆಯ ನೆಲಮಾಳಿಗೆಯಲ್ಲಿ ಜ್ವರ ಹಿಡಿದು ಮಲಗಿದ್ದಾನೆ. ಅವನು ಕಳ್ಳನಲ್ಲ, ದಂಗೆಕೋರನಲ್ಲ. ಊರಿನ ಕಂದಾಯ ಎತ್ತಿ ತಮಗೆ ತಲುಪಿಸಬೇಕಾಗಿದ್ದವನು. ಊರಿನವರು ಅದನ್ನು ಪೂರಾ ಕೊಡಲಿಲ್ಲವೆಂದು ತಾವು ಎತ್ತುವವನನ್ನೇ ಎತ್ತಿಕೊಂಡು ಹೋದಿರಿ. ತಮ್ಮ ಬುದ್ಧಿಗೆ ತಲೆದೂಗಲೇಬೇಕು! ನನಗೆ ಅಕ್ಷರ ಬಾರದು. ಹೇಳಿದವಳು ನಾನು, ಬರೆದವರು ನಮ್ಮ ಚರ್ಚಿನ ಗುಮಾಸ್ತರು. ಬೈಗುಳಗಳನ್ನು ಅವರೇ ಸೋಸಿದ್ದಾರೆ. ಇದರ ಪ್ರತಿಗಳನ್ನು ಸಂತೆಯ ಕಂಬಕ್ಕೂ ಚರ್ಚಿನ ಬಾಗಿಲಿಗೂ ಹೊಡೆಸಿದ್ದೇನೆ. ತಮಗೆ ಪುರುಸೊತ್ತಿಲ್ಲದಿದ್ದರೆ ಜನರಾದರೂ ಓದಲಿ.

ಸೆವರ್ನ್ ನದಿಯ ದಂಡೆಯ ನಮ್ಮ ಹಳ್ಳಿಯಲ್ಲಿ ವಸೂಲಿಗಾರಿಕೆ ಸಂಬಳದ ಕೆಲಸವಲ್ಲ, ಮನೆಸರದಿಯ ಶಿಕ್ಷೆ. ಈ ವರ್ಷ ಸರದಿ ನನ್ನ ಮನೆಯದು. ನಾನು ಬಾರ್ಲಿ ಹೆಂಡ ಕಾಯಿಸಿ ಮಾರುವ ವಿಧವೆ, ಹಾಗಾಗಿ ಮಗ ಹೊತ್ತುಕೊಂಡ. ಅವನನ್ನು ಹಿಡಿದಿರಿ. ಮುಂದಿನ ಸರದಿ, ಮನೆಗಳ ಮಾಡಿಗೆ ಹುಲ್ಲು ಹೊದಿಸುವ ಬಾರ್ನಬಿಯದು. ಅವನನ್ನೂ ಹಿಡಿದಿರಿ. ಆಮೇಲೆ ಗಿರಣಿಯ ಸಿಲ್ವೆಸ್ಟರ್. ಈಗ ಊರಲ್ಲಿ ಹಿಟ್ಟು ಬೀಸುವವರಿಲ್ಲ, ಸೋರುವ ಮಾಡಿಗೆ ಹುಲ್ಲು ಹೊದಿಸುವವರಿಲ್ಲ. ತಮ್ಮ ನೋಟೀಸು ಮಾತ್ರ ತಪ್ಪದೆ ಬರುತ್ತಿದೆ, ‘ಊರ ವಸೂಲಿಗಾರನಿಗೆ’ ಎಂದು. ಅಲ್ಲ ಸ್ವಾಮಿ, ಆ ಮೂವರೂ ತಮ್ಮ ಕಾಲಡಿಯಲ್ಲೇ ಇದ್ದಾರಲ್ಲ! ಎರಡು ಮೆಟ್ಟಿಲಿಳಿದು ಕೈಗೇ ಕೊಡಬಾರದೇ?

ಊರು ಏಕೆ ಕೊಡಲಿಲ್ಲ ಎಂದು ಕೇಳುತ್ತೀರಿ. ಕಂದಾಯವೆಲ್ಲ ಅರಸರ ಹತೋಟಿಯಲ್ಲೇ ಇರತಕ್ಕದ್ದು, ಅನ್ಯರಿಗೆ ಕೊಟ್ಟವನು ರಾಜದ್ರೋಹಿ ಎಂದು ತಮ್ಮ ಫರ್ಮಾನು ಹೇಳುತ್ತದೆ. ತಲೆಬಾಗಿ ಒಪ್ಪಿದೆವು. ಆದರೆ ಅರಸರ ಮೇಲೆ ಯುದ್ಧ ಹೂಡಿರುವ, ನದಿಯಾಚೆಯ ಪಾರ್ಲಿಮೆಂಟಿನ ದಂಡು ದೋಣಿಗಳಲ್ಲಿ ಬಂದು ನಮ್ಮ ಚೀಸು, ಓಟ್ಸು, ಹಾಸಿಗೆಯವರೆಗೆ ಹೊತ್ತೊಯ್ಯುವಾಗ ಅವರೂ ‘ಅರಸರ ಹೆಸರಿನಲ್ಲಿ’ ಎಂದೇ ಕೂಗಿದರು. ಅರಸರ ಮೇಲೆ ಗುಂಡು ಹಾರಿಸುವುದೂ ಅರಸರ ಹೆಸರಿನಲ್ಲೇ ಅಂತೆ.

“ಯಾವ್ ಅರಸ್ರಪ್ಪಾ?” ಎಂದು ಅವರ ಸಾರ್ಜೆಂಟನನ್ನು ಕೇಳಿದೆ.

“ಇರೋದು ಒಬ್ರೇ ಅಲ್ವೇನಮ್ಮಾ? ಅವರ ಕಿವಿ ಊದೋರಿಂದ ಅವರನ್ನ ಬಿಡಿಸ್ತಾ ಇದೀವಿ.”

ಅವರು ಹೋಗಿ ವಾರಕ್ಕೆ ತಮ್ಮ ಸಾರ್ಜೆಂಟು ಬಂದ.

“ಅವ್ರಿಗೆ ಕೊಟ್ಟಿದೀರಿ, ನಮಗ್ಯಾಕಿಲ್ಲ?”

“ಕೊಡ್ಲಿಲ್ಲ ಸ್ವಾಮಿ, ಕಿತ್ಕೊಂಡ್ ಹೋದ್ರು.”

“ಹಂಗಾದ್ರೆ ನಾವೂ ಕಿತ್ಕೊಂಡ್ ಹೋಗ್ತೀವಿ.”

“ಏನ್ ಉಳಿಸಿದಾರೆ ಅಂತ ಕಿತ್ಕೋತೀರಿ?” ಎಂದೆ. ನನ್ನ ಬಾಯಿಗೆ ಬೆಂಕಿ ಬೀಳಲಿ, ಹಾಗೆ ಕೇಳಬಾರದಿತ್ತು. ಅವನು ಮನೆಯೊಳಗೆಲ್ಲ ಕಣ್ಣಾಡಿಸಿ, ಕೊನೆಗೆ ಆಂಬ್ರೋಸನ ಭುಜದ ಮೇಲೆ ಕೈಯಿಟ್ಟ.

ಒಬ್ಬ ಅರಸರಿಗೆ ಎರಡು ಕೈ ಇರುವುದು ಸಹಜ. ಆ ಎರಡು ಕೈಗಳೂ ಒಂದನ್ನೊಂದು ಕತ್ತರಿಸುತ್ತ, ಎರಡೂ ನಮ್ಮ ಜೇಬಿಗೇ ಬರುತ್ತಿದ್ದರೆ ನಾವು ಯಾವುದಕ್ಕೆ ಮುತ್ತಿಡಬೇಕು? ಹತೋಟಿ ಎಂದರೆ ಇದೇ ಏನು? ತಮ್ಮ ಹತೋಟಿಗೆ ಈವರೆಗೆ ಪೂರ್ತಿಯಾಗಿ ಸಿಕ್ಕಿರುವುದು ನಮ್ಮೂರ ಮೂವರು ಬಡಪಾಯಿಗಳು. ಅವರು ಮಲಗುವ ಹುಲ್ಲಿಗೂ ತಮ್ಮ ಜೈಲರು ಬಾಡಿಗೆ ಕೇಳುತ್ತಾನೆ. ಅದೂ ಅರಸರ ಬೊಕ್ಕಸಕ್ಕೇ ಹೋಗುತ್ತಿದೆಯೆಂದು ನಂಬಿದ್ದೇನೆ!

ಕಳೆದ ಭಾನುವಾರ ಮಗನಿಗೆ ರೊಟ್ಟಿ ಕೊಡಲು ಹೋದಾಗ ಕಾವಲಿನವನು ಬುಟ್ಟಿಯನ್ನು ವಾಪಸು ಕೊಟ್ಟ. “ಬೇಡ ಅಂತಾನಮ್ಮಾ. ಎದ್ದು ಕೂರೋಕೂ ಆಗ್ತಿಲ್ಲ” ಎಂದ. ಪಾಪ, ಅವನಿಗಾದರೂ ಮುಖ ಎತ್ತಲು ನಾಚಿಕೆಯಾಯಿತು. ಅಂದಿನಿಂದ ನನಗೆ ಅನ್ನನೀರು ಸೇರುತ್ತಿಲ್ಲ. ಮಗನೊಬ್ಬನೇ ನನಗಿರುವುದು.

ಅದೇ ಸಂಜೆ ಹೊಸ ವಸೂಲಿಗಾರನನ್ನು ಆರಿಸಲು ಚರ್ಚಿನಲ್ಲಿ ಸಭೆ ಸೇರಿತು. ಗಂಡಸರೆಲ್ಲ ತಂತಮ್ಮ ಬೂಟು ನೋಡುತ್ತ ಕುಳಿತರು. ಬಾರ್ನಬಿಯ ಹೆಂಡತಿ ಪ್ರೂಡೆನ್ಸ್ ರೇಗಿ ನನ್ನತ್ತ ತಿರುಗಿದಳು.

“ನಿಮ್ಮನೆ ವರ್ಷ ಇನ್ನೂ ಮುಗ್ದಿಲ್ಲ ಕಣೇ, ಥಾಮಸಿನ್. ನಿಮ್ಮಿಂದ ತಾನೇ ನಮ್ಮನೇಗ್ ಬಂದಿದ್ದು?”

“ಹೌದ್ ಕಣೇ, ಮುಗ್ದಿಲ್ಲ. ನಾನೇ ಆಗ್ತೀನಿ, ಬರ್ಕೊಳ್ಳಿ.”

ಒಬ್ಬರೂ ಬೇಡವೆನ್ನಲಿಲ್ಲ. ಎಲ್ಲರ ಮುಂದೆ ಪ್ರಮಾಣ ಮಾಡಿದೆ.

ಆದ್ದರಿಂದ ಮಾನ್ಯರೇ, ಇದು ಬೇಡಿಕೊಳ್ಳುವ ವಿಧವೆಯ ಅರ್ಜಿಯಲ್ಲ, ತಮ್ಮದೇ ಇಲಾಖೆಯ ಪತ್ರ. ಮೂವರನ್ನೂ ಬಿಡಿ. ಗಿರಣಿ ತಿರುಗಿ, ಮನೆ ಸೋರದೆ ನಿಂತರೆ ಕಂದಾಯವೆನ್ನುವುದು ಹುಟ್ಟೀತು. ನೆಲಮಾಳಿಗೆಯಲ್ಲಿ ಅದು ಮೊಳೆಯುವುದಿಲ್ಲ. ಗುರುವಾರ ಬೆಳಿಗ್ಗೆ ನಾನು ತಳ್ಳುಗಾಡಿ ತರುತ್ತೇನೆ. ಬಾರ್ನಬಿ, ಸಿಲ್ವೆಸ್ಟರ್ ನಡೆದಾರು, ನನ್ನ ಮಗ ನಡೆಯಲಾರ. ಬಾಕಿ ತಂದಿದ್ದೀಯಾ ಎಂದು ಬಾಗಿಲಲ್ಲಿ ಕೇಳಿದರೆ, ತಂದಿಲ್ಲ, ಒಯ್ಯಲು ಬಂದಿದ್ದೇನೆ ಎನ್ನುತ್ತೇನೆ. ನನ್ನನ್ನೂ ಒಳಗೆ ಹಾಕುವುದಾದರೆ ಹಾಕಿ, ಅವನ ಪಕ್ಕದಲ್ಲೇ ಹಾಕಿ. ಅವನ ಹಣೆಗೆ ಒದ್ದೆ ಬಟ್ಟೆ ಇಡುವವರು ಅಲ್ಲಿ ಯಾರೂ ಇಲ್ಲ.

ಇಂತಿ,
ತಮ್ಮ ನೆಲಮಾಳಿಗೆಯಲ್ಲಿ ಇನ್ನೂ ಜಾಗ ಸಿಗದ ವಸೂಲಿಗಾರ್ತಿ,
ಥಾಮಸಿನ್ ಹ್ಯಾಕ್ಲಿ