ಸುಗಲಮ್ಮ ಕಾಣೆಯಾದದ್ದು ಯಾದಗಿರಿಯಲ್ಲಲ್ಲ

ನಗರದ ಅಪರಾಧ ಅಂಕಿಅಂಶಗಳನ್ನು ಕಾಯುವ ಮಾನ್ಯ ಅಧಿಕಾರಿಗಳೇ,

ಸನತ್‌ನಗರದಲ್ಲಿ ಕಾಣೆಯಾದ ಹೆಂಗಸೊಬ್ಬಳು ಯಾದಗಿರಿ ಜಿಲ್ಲೆಯ ಹಳ್ಳಿಯಲ್ಲಿ ಕಾಣೆಯಾದಳೆಂದು ನಿಮ್ಮ ದಾಖಲೆ ಹೇಳುತ್ತಿದೆ. ಆ ತಪ್ಪಿಗೆ ನಾನೂ ಕೈ ಹಚ್ಚಿದ್ದೇನೆ. ತೆಲುಗಿನಲ್ಲಿ ಎರಡು ಅರ್ಜಿ ಕೊಟ್ಟೆ, ಉತ್ತರವಿಲ್ಲ. ಅವಳ ಊರಿನವರಾದರೂ ಓದಲಿ ಎಂದು ಇದನ್ನು ಕನ್ನಡದಲ್ಲಿ ಬರೆಯುತ್ತಿದ್ದೇನೆ.

ಅಂಕಿಅಂಶಗಳನ್ನು ನಕ್ಷೆಯಾಗಿಸುವುದು ನನ್ನ ಉದ್ಯೋಗ. ನೀವು ಸಾರ್ವಜನಿಕರಿಗೆಂದು ಜಾಲತಾಣದಲ್ಲಿ ಹಾಕಿದ ದೂರುಗಳ ಪಟ್ಟಿಯನ್ನು ಇಳಿಸಿಕೊಂಡು, ಒಂದೊಂದು ದೂರಿಗೆ ಒಂದೊಂದು ಕೆಂಪು ಚುಕ್ಕಿ ಇಟ್ಟೆ. ಕೋಠಿ ಕೆಂಪಾಯಿತು, ಸಿಕಂದರಾಬಾದ್ ನಿಲ್ದಾಣದ ಸುತ್ತಲೂ ಕೆಂಪಾಯಿತು. ನಮ್ಮ ಕಾರ್ಖಾನೆ ಓಣಿಯಲ್ಲಿ ಮಾತ್ರ ಒಂದು ಚುಕ್ಕಿಯೂ ಬೀಳಲಿಲ್ಲ. ಬೆಳಗಾದರೆ ಕಟ್ಟಡ ಕೂಲಿಗಳು ಕೆಲಸಕ್ಕೆ ಕಾಯುತ್ತ ನಿಲ್ಲುವ ಅಡ್ಡಾ ಇರುವುದು ಅಲ್ಲೇ. ಇಷ್ಟು ಜನ ಸೇರುವ ಕಡೆ ಒಂದು ಜಗಳವೂ ಇಲ್ಲವೇ ಎಂದು ನನಗೆ ಹೊಳೆಯಬೇಕಿತ್ತು. ಹೊಳೆಯಲಿಲ್ಲ. ಓಣಿಯವರ ವಾಟ್ಸಾಪ್ ಗುಂಪಿಗೆ ನಕ್ಷೆ ಕಳಿಸಿ ಶಾಭಾಸ್ ಅನ್ನಿಸಿಕೊಂಡೆ.

ಮೂರನೆಯ ದಿನ ಹಿಂದಿನ ಓಣಿಯ ಹುಸೇನಪ್ಪ ಬಂದ. ಗಾರೆ ಕೆಲಸದವನು. ಅವನ ಹೆಂಡತಿ ಸುಗಲಮ್ಮ ಅಡ್ಡಾಕ್ಕೆ ಹೋದವಳು ತಿಂಗಳಾದರೂ ತಿರುಗಿ ಬಂದಿರಲಿಲ್ಲ.

“ಅಕ್ಕಾರ, ಇದರಾಗ ನಮ್ಮಾಕಿ ಚುಕ್ಕಿ ಎಲ್ಲೈತ್ರಿ?”

ಹುಡುಕಿದೆ, ಇರಲಿಲ್ಲ. ದೂರಿನಲ್ಲಿ ಏನು ಬರೆಸಿದೆ ಎಂದು ಕೇಳಿದೆ.

“ಅಡ್ರೆಸ್ ಕೇಳಿದ್ರು, ಆಧಾರ್ ಕೊಟ್ಟೇನ್ರಿ. ನಮ್ಮ ಹತ್ರ ಬ್ಯಾರೆ ಏನೈತ್ರಿ?”

ಆ ಕಾರ್ಡಿನಲ್ಲಿರುವುದು ಊರಿನ ವಿಳಾಸ. ನಮ್ಮ ಕನ್ನಡದ ಕಡೆಯವರು ಹತ್ತು ವರ್ಷ ಇಲ್ಲಿ ದುಡಿದರೂ ಅದನ್ನು ಬದಲಿಸುವುದಿಲ್ಲ. ರೇಷನ್, ವೋಟು ಎಲ್ಲ ಅಲ್ಲೇ. ಘಟನೆ ನಡೆದ ಸ್ಥಳದ ಕಾಲಮ್ಮಿನಲ್ಲಿ ನಿಮ್ಮವರು ಆ ಹಳ್ಳಿಯ ಹೆಸರನ್ನೇ ತುಂಬಿದ್ದರು. ನಕ್ಷೆ ಮಾಡುವಾಗ ನಗರದ ಗಡಿಯಾಚೆಯವೆಂದು ನಾನು ನಲವತ್ತೊಂದು ಸಾಲು ಅಳಿಸಿದ್ದೆ. ಮತ್ತೆ ತೆರೆದು ನೋಡಿದರೆ ಹುಸೇನಪ್ಪನ ದೂರಿನ ರಸೀದಿಯ ನಂಬರು ಅಲ್ಲಿತ್ತು. ಅದಕ್ಕಿಂತ ಹಿಂದಿನ ತಾರೀಖುಗಳಲ್ಲಿ, ಅದೇ ಠಾಣೆಯ ವ್ಯಾಪ್ತಿಯಲ್ಲಿ, ಅದೇ ಹೊತ್ತಿಗೆ, ಬೆಳಗಿನ ಐದೂವರೆಗೆ ಕಾಣೆಯಾದ ಇನ್ನಿಬ್ಬರು ಹೆಂಗಸರೂ ಇದ್ದರು. ಒಬ್ಬಳದು ರಾಯಚೂರು ಜಿಲ್ಲೆ, ಇನ್ನೊಬ್ಬಳದು ಕೊಪ್ಪಳ. ಗಸ್ತಿನ ಗಾಡಿ ಎಲ್ಲಿ ನಿಲ್ಲಬೇಕೆಂದು ನೀವು ಇದೇ ಪಟ್ಟಿ ನೋಡಿ ನಿರ್ಧರಿಸುತ್ತೀರಂತೆ. ಮೊದಲನೆಯವಳು ಸರಿಯಾದ ಜಾಗದಲ್ಲಿ ದಾಖಲಾಗಿದ್ದರೆ ಮೂರನೆಯವಳು ಉಳಿಯುತ್ತಿರಲಿಲ್ಲವೇ?

ಈಗ ಠಾಣೆಗೆ ಹೋದರೆ, ಕಡತ ಅವಳ ಊರ ಕಡೆಗೆ ಹೋಗಿದೆ ಎನ್ನುತ್ತಾರೆ. ಅಲ್ಲಿ ಪೊಲೀಸರು ತವರುಮನೆಗೆ ಬಂದು, “ಸುಗಲಮ್ಮ ಅದಾಳೇನು?” ಎಂದು ಕೇಳಿ ಹೋದರಂತೆ. ಎಂಥ ಚುರುಕುತನ ಸ್ವಾಮಿ ನಿಮ್ಮದು.

ಬೆಳಗ್ಗೆ ಹಾಲಿಗೆ ಹೋದಾಗ ಅಡ್ಡಾದಲ್ಲಿ ನಿಂತ ಹೆಂಗಸರನ್ನು ಎಣಿಸುತ್ತೇನೆ. ಯಾರಾದರೂ ಆಟೋ ಹತ್ತಿದರೆ ನಂಬರು ಬರೆದುಕೊಳ್ಳುತ್ತೇನೆ. ಮರುದಿನ ಒಬ್ಬಳು ಕಡಿಮೆ ಕಂಡರೆ ಮತ್ತೆ ಮೊದಲಿನಿಂದ ಎಣಿಸುತ್ತೇನೆ.

ಆ ನಲವತ್ತೊಂದು ದೂರುಗಳ ಸ್ಥಳವನ್ನು ತಿದ್ದಿ. ಮೂವರು ಹೆಂಗಸರ ಕಡತಗಳನ್ನು ಈ ವಾರವೇ ಹಿಂದಕ್ಕೆ ತರಿಸಿ, ಒಟ್ಟಿಗೆ ಇಟ್ಟು ತನಿಖೆ ಮಾಡಿಸಿ. ಹುಸೇನಪ್ಪ ಊರಿಗೆ ಹೋಗಲೊಲ್ಲ. “ಆಕಿ ಬಂದ್ರ ಇಲ್ಲಿಗೇ ಬರ್ತಾಳ್ರಿ” ಎನ್ನುತ್ತಾನೆ. ಅವನಿಗೆ ಗೊತ್ತಿರುವಷ್ಟು ವಿಳಾಸ ನಿಮ್ಮ ಕಚೇರಿಗೂ ಗೊತ್ತಾಗಲಿ.

ಇಂತಿ,
ನಿಮ್ಮ ಪಟ್ಟಿಯನ್ನು ನಂಬಿದ ತಪ್ಪಿಗೆ ನಿದ್ದೆ ಕಳೆದುಕೊಂಡ
ಭಾಗ್ಯಶ್ರೀ, ಸನತ್‌ನಗರ